ಬಡವರ ಮನೆಬಾಗಿಲಿಗೆ ನಡೆದ ಪ್ರಾಧ್ಯಾಪಕರು: ಪುನೀತ ಫ್ರೆಡ್ರಿಕ್ ಓಜಾನಮ್

ಒಂದು ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಬರೆಯಲು ಕುಳಿತವರಿಗೆ ದಾಖಲೆಗಳ ಕೊರತೆ ಅಷ್ಟಾಗಿ ಇರುವುದಿಲ್ಲ. ದೇವಾಲಯಕ್ಕೆ ಅಡಿಗಲ್ಲು ಇಟ್ಟವರಾರು, ಗಂಟೆಯನ್ನು ದಾನವಿತ್ತವರಾರು, ಯಾವ ಗುರುಗಳ ಕಾಲದಲ್ಲಿ ಶಾಲೆಯ ಕಟ್ಟಡ ಮೇಲೆದ್ದಿತು ಎಂಬುದೆಲ್ಲ ಕಲ್ಲಿನ ಮೇಲೋ ಕಡತದಲ್ಲೋ ದೊರೆಯುತ್ತದೆ. ಆದರೆ ವಾರಕ್ಕೊಮ್ಮೆ ಒಂದು ಪುಟ್ಟ ಕೋಣೆಯಲ್ಲಿ ಸೇರಿ, ಪ್ರಾರ್ಥಿಸಿ, ತಮ್ಮತಮ್ಮಲ್ಲೇ ಗುಟ್ಟಾಗಿ ಕಾಣಿಕೆ ಎತ್ತಿ, ಅಕ್ಕಿಯನ್ನೋ ಔಷಧದ ಹಣವನ್ನೋ ಹಿಡಿದುಕೊಂಡು ಇಬ್ಬಿಬ್ಬರಾಗಿ ಬಡವರ ಮನೆಗಳಿಗೆ ಹೊರಡುವವರ ಸೇವೆಗೆ ಅಂತಹ ಗುರುತು ಉಳಿಯುವುದು ಕಡಿಮೆ. ನೆರವು ಪಡೆದ ಕುಟುಂಬದ ಹೆಸರನ್ನು ಹೊರಗೆ ಆಡಬಾರದೆಂಬುದು ಅವರ ಕಟ್ಟುಪಾಡು. ಸಂತ ವಿನ್ಸೆಂಟ್ ದೇ ಪೌಲ್ ಸಭೆಯೆಂದು ನಾವೆಲ್ಲ ಬಲ್ಲ ಈ ಸೇವಾಕೂಟದ ಮೂಲಪುರುಷರಲ್ಲಿ ಒಬ್ಬರಾದ ಫ್ರೆಡ್ರಿಕ್ ಓಜಾನಮರ ಜೀವನವನ್ನು ಈ ಸಂಚಿಕೆಯಲ್ಲಿ ಸಂಗ್ರಹವಾಗಿ ನಿರೂಪಿಸುವುದು ಉಚಿತವೆಂದು ನಮಗೆ ತೋರಿತು.

ಓಜಾನಮರು ಗುರುಗಳಲ್ಲ, ಸನ್ಯಾಸಿಗಳೂ ಅಲ್ಲ. ಮಡದಿ ಮಗಳಿದ್ದ ಸಂಸಾರಿ. ಸಂಬಳಕ್ಕಾಗಿ ಪಾಠ ಹೇಳಿದ ಪ್ರಾಧ್ಯಾಪಕರು. ಬದುಕಿದ್ದು ಕೇವಲ ನಲವತ್ತು ವರ್ಷ. ಈ ಮಾತನ್ನು ಮೊದಲಲ್ಲೇ ಹೇಳಿಬಿಡುವುದು ಒಳ್ಳೆಯದು. ಪರೋಪಕಾರವೆಂಬುದು ಬಿಡುವಾಗಿರುವವರ ಕೆಲಸ, ಇಲ್ಲವೇ ಮಠದಲ್ಲಿರುವವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬಹಳ ಮಂದಿಗೆ ಇದೆ.

1813ರ ಏಪ್ರಿಲ್ 23ರಂದು, ಆಗ ನೆಪೋಲಿಯನ್ನನ ಆಳ್ವಿಕೆಗೆ ಒಳಪಟ್ಟಿದ್ದ ಇಟಲಿಯ ಮಿಲಾನ್ ನಗರದಲ್ಲಿ ಅವರು ಜನಿಸಿದರು. ತಂದೆ ಮೊದಲು ನೆಪೋಲಿಯನ್ನನ ಸೈನ್ಯದಲ್ಲಿದ್ದು, ಬಳಿಕ ವೈದ್ಯವೃತ್ತಿ ಹಿಡಿದವರು. 1816ರಲ್ಲಿ ಸಂಸಾರವು ಸ್ವಂತ ದೇಶವಾದ ಫ್ರಾನ್ಸಿನ ಲಿಯೋನ್ ನಗರಕ್ಕೆ ಹಿಂದಿರುಗಿತು. ದಂಪತಿಗಳಿಗೆ ಹದಿನಾಲ್ಕು ಮಕ್ಕಳು. ಬೆಳೆದು ಬಾಳಿದವರು ಮೂವರು ಗಂಡುಮಕ್ಕಳು ಮಾತ್ರ. ಪುಟ್ಟ ಫ್ರೆಡ್ರಿಕನಿಗೆ ಅಕ್ಷರ ಕಲಿಸಿದ ಅಕ್ಕ ಎಲೀಸಾ ಹತ್ತೊಂಬತ್ತರ ಹರೆಯದಲ್ಲೇ ತೀರಿಕೊಂಡಳು. ಸಾವು ಎಂಬುದು ಆ ಮನೆಗೆ ಹೊಸ ಅತಿಥಿಯಾಗಿರಲಿಲ್ಲ.

ಆ ಕಾಲದ ಲಿಯೋನ್, ಪ್ಯಾರಿಸ್ ಮುಂತಾದ ಪಟ್ಟಣಗಳ ಮನೆಗಳನ್ನು ಕುರಿತು ಇಲ್ಲಿ ಒಂದು ಮಾತು ಹೇಳಬೇಕು. ಐದಾರು ಅಂತಸ್ತಿನ ಎತ್ತರದ ಕಟ್ಟಡಗಳು. ಯಂತ್ರದ ಲಿಫ್ಟ್ ಇನ್ನೂ ಬಂದಿರಲಿಲ್ಲ. ಅನುಕೂಲಸ್ಥರು ಕೆಳಗಿನ ಅಂತಸ್ತುಗಳಲ್ಲಿ ಇರುತ್ತಿದ್ದರು. ಮೆಟ್ಟಿಲು ಹೆಚ್ಚಿದಂತೆ ಬಾಡಿಗೆ ಇಳಿಯುತ್ತಿತ್ತು. ಕಟ್ಟಕಡೆಗೆ ಮಾಡಿನ ಕೆಳಗಿನ ಇಕ್ಕಟ್ಟಾದ ಕೋಣೆಗಳಲ್ಲಿ ಕೂಲಿಗಾರರು, ವಿಧವೆಯರು, ರೋಗಿಗಳು. ಬಡವರನ್ನು ನೋಡಬೇಕೆಂದರೆ ಹತ್ತಲೇಬೇಕಾಗಿತ್ತು. ವೈದ್ಯ ಓಜಾನಮರು ಇಂತಹ ಕೋಣೆಗಳಿಗೆ ಹತ್ತಿಹೋಗಿ ಹಣವಿಲ್ಲದೆ ಚಿಕಿತ್ಸೆ ಮಾಡುತ್ತಿದ್ದರು. ಅವರು ನೋಡಿದ ರೋಗಿಗಳಲ್ಲಿ ಮೂರನೆಯ ಒಂದು ಪಾಲಿನವರು ಕಾಸು ಕೊಡದವರೆಂದು ಮಗ ಮುಂದೆ ಲೆಕ್ಕ ಹಾಕಿದ್ದುಂಟು. ತಾಯಿಯೂ ತನ್ನ ಪಾಡಿಗೆ ಬಡ ಹೆಂಗಸರನ್ನು ಕಾಣಲು ಹೋಗುತ್ತಿದ್ದರು. ವಯಸ್ಸಾಗುತ್ತ ಬಂದಾಗ ಗಂಡಹೆಂಡಿರು ಇನ್ನು ನಾಲ್ಕನೆಯ ಅಂತಸ್ತಿನಿಂದ ಮೇಲೆ ಹತ್ತುವುದಿಲ್ಲವೆಂದು ಪರಸ್ಪರ ಮಾತು ಕೊಟ್ಟುಕೊಂಡರಂತೆ. ಒಂದು ದಿನ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಹೊರಟು, ಅದಕ್ಕಿಂತ ಮೇಲಿನ ಅಂತಸ್ತಿನ ಒಂದು ಬಾಗಿಲಲ್ಲಿ ಎದುರುಬದುರಾಗಿ ಸಿಕ್ಕಿಬಿದ್ದ ಕಥೆಯನ್ನು ಅವರ ಜೀವನಚರಿತ್ರಕಾರರು ಹೇಳುತ್ತಾರೆ. ಆದರೆ ಈ ನಗೆಯ ಕಥೆಗೆ ಒಂದು ಕಹಿಯಾದ ಮುಂದುವರಿಕೆಯೂ ಉಂಟು. 1837ರ ಮೇ ತಿಂಗಳಲ್ಲಿ ಒಬ್ಬ ಬಡ ರೋಗಿಯನ್ನು ನೋಡಲು ಹೋದ ತಂದೆ ಮೆಟ್ಟಿಲಿನಿಂದ ಜಾರಿ ಬಿದ್ದು, ಆ ಪೆಟ್ಟಿನಿಂದಲೇ ಮರಣ ಹೊಂದಿದರು.

ಬಾಲಕ ಫ್ರೆಡ್ರಿಕ್ ಓದಿನಲ್ಲಿ ಮುಂದು, ಸಿಟ್ಟಿನಲ್ಲಿಯೂ ಮುಂದು. ಹದಿಹರೆಯದಲ್ಲಿ ವಿಶ್ವಾಸವೇ ಅಲುಗಾಡಿತು. ಕೇಳಿದ ಪ್ರತಿಯೊಂದನ್ನೂ ಮನಸ್ಸು ಸಂಶಯಿಸತೊಡಗಿತು. ರಾತ್ರಿಗಳು ನಿದ್ದೆಯಿಲ್ಲದೆ ಕಳೆದವು. ಆಗ ಅವರ ಕೈಹಿಡಿದವರು ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ನ್ವಾರೋ ಗುರುಗಳು. ಅವರು ಉಪದೇಶಕ್ಕಿಂತ ಹೆಚ್ಚಾಗಿ ಸಂಜೆಯ ನಡಿಗೆಯಲ್ಲಿ ಜೊತೆಗೂಡಿ, ಹುಡುಗನ ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳಿದರು. ವಿಶ್ವಾಸ ಮರಳಿತು. ದೇವರು ಈ ಬೆಳಕನ್ನು ಕೊಟ್ಟರೆ ಸತ್ಯದ ಸೇವೆಗೆ ಜೀವನವನ್ನು ಮುಡಿಪಾಗಿಡುವೆನೆಂದು ಅವರು ಆಗಲೇ ಹರಕೆ ಹೊತ್ತಿದ್ದರು.

1831ರ ನವೆಂಬರಿನಲ್ಲಿ ನ್ಯಾಯಶಾಸ್ತ್ರ ಓದಲು ಪ್ಯಾರಿಸಿಗೆ ಬಂದಾಗ ಹದಿನೆಂಟರ ಈ ತರುಣನಿಗೆ ಆ ನಗರವು ಸ್ಮಶಾನದಂತೆ ಕಂಡಿತು. 1830ರ ಕ್ರಾಂತಿಯ ನಂತರದ ದಿನಗಳು. ಧರ್ಮಸಭೆಯೆಂದರೆ ಅರಸೊತ್ತಿಗೆಯ ಬಾಲವೆಂದು ಜನ ಹೀಯಾಳಿಸುತ್ತಿದ್ದ ಕಾಲ. ಅದೇ ವರ್ಷದ ಫೆಬ್ರವರಿಯಲ್ಲಿ ಮಹಾಧರ್ಮಾಧ್ಯಕ್ಷರ ನಿವಾಸವನ್ನೇ ಗುಂಪೊಂದು ಧ್ವಂಸಮಾಡಿತ್ತು. ಅದೃಷ್ಟವಶಾತ್ ಓಜಾನಮರಿಗೆ ವಾಸಕ್ಕೆ ಸಿಕ್ಕಿದ್ದು ಮಹಾವಿಜ್ಞಾನಿ ಆಂದ್ರೆ ಮರಿ ಆಂಪೇರರ ಮನೆ. ವಿದ್ಯುತ್ ಪ್ರವಾಹವನ್ನು ಇಂದಿಗೂ ನಾವು ಅಳೆಯುವುದು ಇವರ ಹೆಸರಿನ ಮಾನದಿಂದಲೇ. ಒಂದು ದಿನ ಮನಸ್ಸು ಕುಗ್ಗಿ ದೇವಾಲಯವೊಂದನ್ನು ಹೊಕ್ಕ ಓಜಾನಮರು, ಮೂಲೆಯೊಂದರಲ್ಲಿ ಮೊಣಕಾಲೂರಿ ಜಪಸರ ಪ್ರಾರ್ಥಿಸುತ್ತಿದ್ದ ವೃದ್ಧ ಆಂಪೇರರನ್ನು ಕಂಡರೆಂದೂ, ಆ ನೋಟ ನೂರು ಪ್ರವಚನಗಳಿಗಿಂತ ಹೆಚ್ಚಿನ ಬಲ ನೀಡಿತೆಂದೂ ಹೇಳಲಾಗುತ್ತದೆ.

ಮರುವರ್ಷ ಕಾಲರಾ ಬಂದಿತು. 1832ರ ಆ ಒಂದೇ ಮಾರಿಯಲ್ಲಿ ಪ್ಯಾರಿಸಿನಲ್ಲಿ ಸುಮಾರು 18,000 ಜನ ಸತ್ತರು. ಬಡವರ ಕೇರಿಗಳಲ್ಲಿ ಸಾವು ಹೆಚ್ಚು. ಇಂತಹ ನಗರದ ನಡುವೆ ವಿದ್ಯಾರ್ಥಿಗಳ ಒಂದು ಚರ್ಚಾಕೂಟ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವರು ಪತ್ರಿಕಾ ಸಂಪಾದಕರೂ ವಿದ್ಯಾರ್ಥಿಗಳ ಹಿತೈಷಿಯೂ ಆಗಿದ್ದ ಎಮಾನ್ಯುಯೆಲ್ ಬೈಲಿಯವರು. ಚರಿತ್ರೆಯ ವಿಷಯವಾಗಿ ಮಾತನಾಡುವ ಈ ಕೂಟಕ್ಕೆ ಕಥೋಲಿಕರೂ ಬರುತ್ತಿದ್ದರು, ನಾಸ್ತಿಕರೂ ಬರುತ್ತಿದ್ದರು. ಯಾರು ಯಾವ ವಾದವನ್ನಾದರೂ ಹೂಡಬಹುದಿತ್ತು. ಕ್ರೈಸ್ತಧರ್ಮವು ಲೋಕಕ್ಕೆ ಮಾಡಿದ ಉಪಕಾರಗಳನ್ನು ಓಜಾನಮರು ಅಲ್ಲಿ ವಿಸ್ತಾರವಾಗಿ ವರ್ಣಿಸುತ್ತಿದ್ದರು. ಹಾಗಿರಲು ಒಂದು ಸಂಜೆ ಎದುರುಪಕ್ಷದ ತರುಣನೊಬ್ಬ ಎದ್ದುನಿಂತು, ಹಿಂದಿನ ಕಾಲದ ಪುಣ್ಯಕಾರ್ಯಗಳೆಲ್ಲ ಸರಿ, ಇಂದು ಈ ಪ್ಯಾರಿಸಿನಲ್ಲಿ ಕಥೋಲಿಕರೆನಿಸಿಕೊಂಡ ನೀವು ಬಡವರಿಗಾಗಿ ಮಾಡುತ್ತಿರುವುದೇನು ಎಂದು ಕೇಳಿದ. ಉತ್ತರವಿರಲಿಲ್ಲ. ಆ ಪ್ರಶ್ನೆ ಕೆಣಕಲೆಂದು ಕೇಳಿದ್ದಿರಬಹುದು. ಆದರೂ ಅದು ನ್ಯಾಯವಾದ ಪ್ರಶ್ನೆ. ಅದನ್ನು ಕೇಳಿದವನಿಗೂ ಸಂತ ವಿನ್ಸೆಂಟ್ ದೇ ಪೌಲ್ ಸಭೆ ಋಣಿಯಾಗಿದೆಯೆಂದೇ ನಮ್ಮ ಅಭಿಪ್ರಾಯ.

ಮನೆಗೆ ಹಿಂದಿರುಗುವ ದಾರಿಯಲ್ಲಿ ಓಜಾನಮರು ಮತ್ತು ಅವರ ಗೆಳೆಯ ಲ ತಾಯಾಂದಿಯೇ ಇದನ್ನೇ ಚರ್ಚಿಸಿದರು. ವಾದದಿಂದ ವಾದವನ್ನು ಗೆಲ್ಲಬಹುದು, ಈ ಪ್ರಶ್ನೆಯನ್ನು ಗೆಲ್ಲಲಾಗದೆಂಬುದು ಅವರಿಗೆ ಸ್ಪಷ್ಟವಾಯಿತು. ಚಳಿಗಾಲಕ್ಕೆಂದು ಕೂಡಿಟ್ಟು ಉಳಿದಿದ್ದ ಸೌದೆಯನ್ನು ಇಬ್ಬರೂ ತಾವೇ ಹೊತ್ತುಕೊಂಡು ಹೋಗಿ ಒಬ್ಬ ಬಡವನ ಮನೆಗೆ ಕೊಟ್ಟು ಬಂದರಂತೆ. ಮೊದಲ ಹೆಜ್ಜೆ ಇಷ್ಟೇ.

1833ರ ಏಪ್ರಿಲ್ 23ರ ಸಂಜೆ ಬೈಲಿಯವರ ಪತ್ರಿಕಾ ಕಾರ್ಯಾಲಯದಲ್ಲಿ ಏಳು ಮಂದಿ ಕೂಡಿದರು. ಅಂದು ಓಜಾನಮರಿಗೆ ಇಪ್ಪತ್ತು ವರ್ಷ ತುಂಬಿದ ದಿನ. ಉಳಿದವರು ಲ ತಾಯಾಂದಿಯೇ, ಲಾಮಾಶ್, ಲಾಲಿಯೇ, ಕ್ಲಾವೆ, ದೆವೋ ಎಂಬ ವಿದ್ಯಾರ್ಥಿಗಳು, ಮತ್ತು ಅವರೆಲ್ಲರಿಗಿಂತ ಹಿರಿಯರಾಗಿ ಅಧ್ಯಕ್ಷಪೀಠದಲ್ಲಿ ಕುಳಿತ ಬೈಲಿಯವರು. ಚರಿತ್ರೆಯ ಕಾನ್ಫರೆನ್ಸಿನಿಂದ ಹುಟ್ಟಿದ ಈ ಹೊಸ ಕೂಟಕ್ಕೆ ದಾನಧರ್ಮದ ಕಾನ್ಫರೆನ್ಸ್ ಎಂದೇ ಹೆಸರಾಯಿತು. ಬಡವರಿಗೆ ಅಕ್ಕಿಬೇಳೆ ಹಂಚುವ ಸಂಘವನ್ನು ನಾವು ಇಂದಿಗೂ ಕಾನ್ಫರೆನ್ಸ್ ಎಂದೇಕೆ ಕರೆಯುತ್ತೇವೆಂದು ಕೇಳುವ ಮಕ್ಕಳಿಗೆ ಇದೇ ಉತ್ತರ: ಮಾತಿನ ಕೂಟ ಕೆಲಸದ ಕೂಟವಾಯಿತು, ಹೆಸರು ಮಾತ್ರ ಹಳೆಯದೇ ಉಳಿಯಿತು. 1834ರ ಫೆಬ್ರವರಿಯಲ್ಲಿ ಕೂಟವನ್ನು ಸಂತ ವಿನ್ಸೆಂಟ್ ದೇ ಪೌಲರ ಆಶ್ರಯಕ್ಕೆ ಒಪ್ಪಿಸಲಾಯಿತು.

ಉತ್ಸಾಹವೇನೋ ಇತ್ತು, ಬಡವರ ಮನೆಗೆ ಹೋಗಿ ಏನು ಮಾಡಬೇಕು, ಹೇಗೆ ಮಾತನಾಡಬೇಕು ಎಂಬುದು ಕಾಲೇಜು ಹುಡುಗರಿಗೆ ಎಲ್ಲಿ ಗೊತ್ತು? ಇಲ್ಲಿ ಒಬ್ಬ ಮಹಾತಾಯಿಯನ್ನು ನೆನೆಯಬೇಕು. ಸಂತ ವಿನ್ಸೆಂಟರೇ ಸ್ಥಾಪಿಸಿದ ಕನ್ಯಾಸ್ತ್ರೀಯರ ಸಂಸ್ಥೆಗೆ ಸೇರಿದ ಸಹೋದರಿ ರೋಸಲಿ ರೆಂದ್ಯು ಪ್ಯಾರಿಸಿನ ಅತ್ಯಂತ ದರಿದ್ರ ಭಾಗವಾಗಿದ್ದ ಮುಫ್ತಾರ್ ಬೀದಿಯ ಕೇರಿಯಲ್ಲಿ ಮೂವತ್ತು ವರ್ಷಗಳಿಂದ ಸೇವೆ ಮಾಡುತ್ತಿದ್ದವರು. ಬೈಲಿಯವರು ಹುಡುಗರನ್ನು ಅವರ ಬಳಿಗೆ ಕಳುಹಿಸಿದರು. ಆಕೆ ಬಡ ಕುಟುಂಬಗಳ ಪಟ್ಟಿಯನ್ನು ಕೊಟ್ಟರು, ರೊಟ್ಟಿಯ ಚೀಟಿಗಳನ್ನು ಕೊಟ್ಟರು. ಅವೆರಡಕ್ಕಿಂತ ಮುಖ್ಯವಾಗಿ, ನಡೆದುಕೊಳ್ಳುವ ರೀತಿಯನ್ನು ಕಲಿಸಿದರು. ಸಹನೆಯಿಂದಿರಿ, ಬಡವರನ್ನು ತೂಗಿ ನೋಡಬೇಡಿ, ಅವರ ಕಷ್ಟವನ್ನು ಕೇಳಲು ಕೂರುವುದೇ ಅರ್ಧ ಸಹಾಯ ಎಂಬುದು ಆಕೆಯ ಬೋಧನೆಯ ಸಾರವಾಗಿತ್ತು. ಆಕೆ 2003ರಲ್ಲಿ ಪುನೀತ ಪದವಿಗೇರಿದರು.

ಕೂಟದ ಕ್ರಮ ಸರಳವಾಗಿತ್ತು. ವಾರಕ್ಕೊಮ್ಮೆ ಸಭೆ, ಪ್ರಾರ್ಥನೆ, ಒಂದು ಭಕ್ತಿಗ್ರಂಥದ ಪಠನ. ಬಳಿಕ ಒಬ್ಬೊಬ್ಬರೂ ತಾವು ನೋಡಿಕೊಳ್ಳುವ ಕುಟುಂಬದ ವೃತ್ತಾಂತವನ್ನು ಹೇಳುವುದು. ಕೊನೆಗೆ ದೆವೋ ತನ್ನ ಟೋಪಿಯನ್ನು ಹಿಡಿದು ಸುತ್ತು ಬರುವುದು. ಯಾರು ಎಷ್ಟು ಹಾಕಿದರೆಂದು ಯಾರೂ ನೋಡುವಂತಿಲ್ಲ. ಹಣವನ್ನು ಕಳುಹಿಸಿಕೊಟ್ಟು ಸುಮ್ಮನಾಗುವ ಅವಕಾಶ ಮಾತ್ರ ಸದಸ್ಯರಿಗಿರಲಿಲ್ಲ. ಖುದ್ದಾಗಿ ಹೋಗಬೇಕು, ಹೋಗಿ ಕೂರಬೇಕು, ಮತ್ತೆ ಮುಂದಿನ ವಾರವೂ ಹೋಗಬೇಕು. ದೊಡ್ಡ ಮೊತ್ತದ ದಾನಕ್ಕಿಂತ ಈ ಒಂದು ನಿಯಮದಲ್ಲಿಯೇ ಸಭೆಯ ಜೀವವಿದೆ. ರೊಟ್ಟಿ ಒಂದು ದಿನದ ಹಸಿವನ್ನು ಹಿಂಗಿಸೀತು. ಪ್ರತಿವಾರವೂ ಬಾಗಿಲು ತಟ್ಟುವವನು ಆ ಮನೆಯ ಬಾಡಿಗೆ, ಕಾಯಿಲೆ, ಕುಡುಕ ಗಂಡ, ಶಾಲೆ ಬಿಟ್ಟ ಮಗ ಎಲ್ಲವನ್ನೂ ಅರಿಯುತ್ತಾನೆ.

ಓಜಾನಮರ ಪಾಲಿಗೆ ಬಂದ ಮೊದಮೊದಲ ಕುಟುಂಬವೊಂದರ ವೃತ್ತಾಂತವೇ ಇದಕ್ಕೆ ಸಾಕ್ಷಿ. ಐದು ಮಕ್ಕಳ ತಾಯಿ. ಅವಳು ದುಡಿದು ತಂದ ಕಾಸನ್ನೆಲ್ಲ ಕಿತ್ತುಕೊಂಡು ಕುಡಿದು, ಹೊಡೆಯುವ ಗಂಡ. ನ್ಯಾಯಶಾಸ್ತ್ರದ ವಿದ್ಯಾರ್ಥಿಯಾದ ಓಜಾನಮರು ವಿಚಾರಿಸಿ ನೋಡಿದಾಗ ಆ ಮದುವೆ ಕಾನೂನಿನ ಪ್ರಕಾರ ನಡೆದೇ ಇರಲಿಲ್ಲವೆಂದು ತಿಳಿಯಿತು. ಅವರು ಅಧಿಕಾರಿಗಳ ಬಳಿಗೆ ಅಲೆದು ಅವಳನ್ನು ಆ ಹಿಂಸೆಯಿಂದ ಬಿಡಿಸಿದರು. ಗೆಳೆಯರೊಡನೆ ಚಂದಾ ಎತ್ತಿ, ಚಿಕ್ಕ ಮಕ್ಕಳೊಂದಿಗೆ ಅವಳನ್ನು ತವರಿನ ಬ್ರಿಟನಿ ಪ್ರಾಂತಕ್ಕೆ ಕಳುಹಿಸಿಕೊಟ್ಟರು. ದೊಡ್ಡ ಹುಡುಗರಿಗೆ ಬೈಲಿಯವರ ಮುದ್ರಣಾಲಯದಲ್ಲಿ ಕೆಲಸ ದೊರಕಿತು. ರೊಟ್ಟಿಯ ಚೀಟಿಯೊಂದನ್ನೇ ಕೊಟ್ಟು ಬಂದಿದ್ದರೆ ಆ ರೊಟ್ಟಿಯೂ ಕುಡುಕನ ಕೈಸೇರುತ್ತಿತ್ತು.

ಒಂದೂವರೆ ವರ್ಷದಲ್ಲಿ ಏಳು ಮಂದಿ ನೂರಕ್ಕೂ ಮಿಕ್ಕಿದರು. ಈಗ ಬಂದಿತು ಮೊದಲ ಕಷ್ಟ, ಅದೂ ಹೊರಗಿನಿಂದಲ್ಲ. ಕೋಣೆ ಸಾಲದು, ಎಲ್ಲರ ವೃತ್ತಾಂತ ಕೇಳಲು ಸಮಯ ಸಾಲದು. ಆದುದರಿಂದ ಕೂಟವನ್ನು ಒಡೆದು ಹಲವು ಮಾಡೋಣವೆಂದು 1834ರ ಡಿಸೆಂಬರಿನಲ್ಲಿ ಓಜಾನಮರೇ ಸೂಚಿಸಿದರು. ಹಳೆಯ ಸದಸ್ಯರು ಕೆರಳಿದರು. ಅನ್ಯೋನ್ಯವಾಗಿದ್ದ ಗೆಳೆಯರನ್ನು ಅಗಲಿಸುವುದೇ, ಸ್ನೇಹವೇ ಹೋದ ಮೇಲೆ ಸೇವೆ ಉಳಿದೀತೇ ಎಂದು ವಾದಿಸಿದರು. ಮಾತು ಬಿಸಿಯಾಯಿತು, ಕೆಲವರು ಅತ್ತರು. ಸಂಘಸಂಸ್ಥೆಗಳಲ್ಲಿ ದುಡಿದವರೆಲ್ಲರಿಗೂ ಇಂತಹ ಸಭೆಗಳ ಅನುಭವವಿದ್ದೇ ಇರುತ್ತದೆ. ತೀರ್ಮಾನ ಆ ವರ್ಷ ಆಗಲಿಲ್ಲ. 1835ರ ಫೆಬ್ರವರಿಯಲ್ಲಿ ಕೂಟವು ಎರಡಾಗಿ, ಒಂದೊಂದೂ ಒಂದೊಂದು ಧರ್ಮಕೇಂದ್ರವನ್ನು ಆಶ್ರಯಿಸಿತು. ವಿರೋಧಿಸಿದವರ ಅಳಲು ಸುಳ್ಳಾಗಿರಲಿಲ್ಲ. ಮೊದಲಿನ ಆ ಸಣ್ಣ ಬಳಗದ ಸಲಿಗೆ ಮತ್ತೆ ಬರಲಿಲ್ಲ. ಆದರೆ ಅಂದು ಒಡೆಯದೆ ಹೋಗಿದ್ದರೆ ಅದು ಪ್ಯಾರಿಸಿನ ಗೆಳೆಯರ ಗುಂಪಾಗಿಯೇ ಮುಗಿದುಹೋಗುತ್ತಿತ್ತು. ಧರ್ಮಕೇಂದ್ರಕ್ಕೊಂದು ಕಾನ್ಫರೆನ್ಸ್ ಎಂಬ ಪದ್ಧತಿ ಹುಟ್ಟುತ್ತಿರಲಿಲ್ಲ. ಅದೇ ವರ್ಷದ ಕೊನೆಗೆ ಲಾಲಿಯೇ ಬರೆದ ನಿಯಮಾವಳಿ ಸಿದ್ಧವಾಯಿತು.

ಈ ನಡುವೆ ಓಜಾನಮರು 1836ರಲ್ಲಿ ನ್ಯಾಯಶಾಸ್ತ್ರದಲ್ಲಿಯೂ, 1839ರಲ್ಲಿ ಮಹಾಕವಿ ದಾಂತೆಯನ್ನು ಕುರಿತ ಪ್ರಬಂಧದಿಂದ ಸಾಹಿತ್ಯದಲ್ಲಿಯೂ ಡಾಕ್ಟರ್ ಪದವಿ ಪಡೆದರು. ತಂದೆ ತೀರಿಕೊಂಡಿದ್ದರು, 1839ರಲ್ಲಿ ತಾಯಿಯೂ ತೀರಿಕೊಂಡರು. ಲಿಯೋನಿನಲ್ಲಿ ವಾಣಿಜ್ಯ ನ್ಯಾಯದ ಅಧ್ಯಾಪಕ ಹುದ್ದೆ ದೊರೆಯಿತು. ಆ ಊರು ರೇಷ್ಮೆ ನೇಕಾರರ ಊರು. ಕೂಲಿಯ ದರಕ್ಕಾಗಿ ನೇಕಾರರು 1831ರಲ್ಲಿಯೂ 1834ರಲ್ಲಿಯೂ ದಂಗೆಯೆದ್ದು, ಸೈನ್ಯದ ಗುಂಡಿಗೆ ಬಲಿಯಾಗಿದ್ದರು. ಅಂತಹ ಊರಿನಲ್ಲಿ ನಿಂತು ಓಜಾನಮರು, ಕೆಲಸಗಾರನನ್ನು ಯಂತ್ರದಂತೆ ಬಳಸಿ ಅಗ್ಗದಲ್ಲಿ ದುಡಿಸಿಕೊಳ್ಳುವುದು ಶೋಷಣೆಯೆಂದೂ, ದುಡಿಯುವವನಿಗೆ ಬದುಕಲು, ಮಕ್ಕಳನ್ನು ಸಾಕಲು, ಮುಪ್ಪಿಗೆ ಕೂಡಿಡಲು ಸಾಕಾಗುವಷ್ಟು ಕೂಲಿ ಸಲ್ಲಬೇಕೆಂದೂ ತರಗತಿಯಲ್ಲಿ ಬೋಧಿಸಿದರು. ಹದಿಮೂರನೆಯ ಲಿಯೋ ಜಗದ್ಗುರುಗಳು ಕಾರ್ಮಿಕರ ಸ್ಥಿತಿಯನ್ನು ಕುರಿತ ತಮ್ಮ ವಿಶ್ವಪತ್ರವನ್ನು ಹೊರಡಿಸಿದ್ದು 1891ರಲ್ಲಿ, ಅಂದರೆ ಇದಾಗಿ ಐವತ್ತು ವರ್ಷಗಳ ಬಳಿಕ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಸಂತ ವಿನ್ಸೆಂಟ್ ಸಭೆಯವರು ಬಡತನದ ಬೇರನ್ನು ಮುಟ್ಟದೆ ಮೇಲುಮೇಲಿನ ಉಪಚಾರ ಮಾಡುವವರೆಂಬ ಆಕ್ಷೇಪಣೆ ಆಗಾಗ ಕೇಳಿಬರುತ್ತದೆ. ಓಜಾನಮರಿಗೆ ಈ ಎರಡರ ನಡುವಣ ಅಂತರ ಚೆನ್ನಾಗಿ ತಿಳಿದಿತ್ತು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನ ಗಾಯಕ್ಕೆ ಎಣ್ಣೆ ಸುರಿಯುವ ಸಮಾರ್ಯದವನಂತೆ ದಾನಧರ್ಮ. ಆ ಪೆಟ್ಟು ಬೀಳದಂತೆ ತಡೆಯುವುದು ನ್ಯಾಯದ ಕೆಲಸ ಎಂಬುದು ಅವರ ನಿಲುವು. ಎರಡೂ ಬೇಕೆಂದರು. ನ್ಯಾಯ ಬರುವವರೆಗೆ ಗಾಯಾಳು ಕಾಯುತ್ತಿರಲಿ ಎಂದು ಅವರು ಹೇಳಲಿಲ್ಲ. ಎಣ್ಣೆ ಸುರಿದೆವಲ್ಲ, ಇನ್ನು ನ್ಯಾಯವೇಕೆ ಎಂದೂ ಹೇಳಲಿಲ್ಲ.

1841ರ ಜೂನ್ 23ರಂದು ಲಿಯೋನಿನಲ್ಲಿ ಅಮೇಲಿ ಸೂಲಾಕ್ರ್ವಾ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು. ಗುರುದೀಕ್ಷೆಯೋ ಸಂಸಾರವೋ ಎಂದು ಬಹುಕಾಲ ತೂಗಾಡಿದ ಮೇಲೆ ತೆಗೆದುಕೊಂಡ ನಿರ್ಧಾರವದು. ಪ್ರಸಿದ್ಧ ಬೋಧಕರಾದ ಲಕೋರ್ದೇರ್ ಗುರುಗಳಿಗೆ ಇದರಿಂದ ನಿರಾಶೆಯಾಗಿ, ಓಜಾನಮ್ ಬೋನಿಗೆ ಬಿದ್ದರೆಂದು ನುಡಿದರಂತೆ. ಇದನ್ನು ಕೇಳಿದ ಒಂಬತ್ತನೆಯ ಪಿಯುಸ್ ಜಗದ್ಗುರುಗಳು, ಕ್ರಿಸ್ತರು ಏಳು ಸಂಸ್ಕಾರಗಳನ್ನು ಸ್ಥಾಪಿಸಿದರೆಂದು ತಾವು ನಂಬಿದ್ದಾಗಿಯೂ, ಆರು ಸಂಸ್ಕಾರ ಮತ್ತು ಒಂದು ಬೋನು ಎಂಬುದು ಈಗಲೇ ತಿಳಿಯಿತೆಂದೂ ನಕ್ಕರೆಂಬ ಕಥೆ ಪ್ರಚಾರದಲ್ಲಿದೆ. ಮದುವೆಯ ದಿನದ ನೆನಪಿಗಾಗಿ ಪ್ರತಿ ತಿಂಗಳ 23ರಂದು ಮಡದಿಗೆ ಹೂಗುಚ್ಛ ತಂದುಕೊಡುವ ರೂಢಿಯನ್ನು ಓಜಾನಮರು ಕೊನೆಯವರೆಗೂ ಬಿಡಲಿಲ್ಲ. 1845ರಲ್ಲಿ ಮಗಳು ಮರಿ ಜನಿಸಿದಳು. ಅಷ್ಟರಲ್ಲಿ ಅವರು ಪ್ಯಾರಿಸಿನ ಸೊರ್ಬೋನ್ ವಿಶ್ವವಿದ್ಯಾಲಯದಲ್ಲಿ ವಿದೇಶೀ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದರು.

ಪ್ರಾಧ್ಯಾಪಕರಾದ ಮೇಲೂ ಬಡವರ ಭೇಟಿ ನಿಲ್ಲಲಿಲ್ಲ. ಕೋಣೆಯನ್ನು ಹೊಕ್ಕೊಡನೆ ಟೋಪಿ ತೆಗೆದು, ತಾನು ಅವರ ಸೇವಕನೆಂದು ವಂದಿಸುತ್ತಿದ್ದರು. ಬೋಧನೆ ಮಾಡುತ್ತಿರಲಿಲ್ಲ. ಎಲ್ಲವೂ ಸುಲಭವಾಗಿಯೇ ನಡೆಯುತ್ತಿತ್ತೆಂದು ಭಾವಿಸಬಾರದು. ಅವರಿಂದ ಕೆಲಸ ಪಡೆದು, ಅದನ್ನು ತನ್ನ ತಪ್ಪಿನಿಂದಲೇ ಕಳೆದುಕೊಂಡು, ಮತ್ತೆ ಮತ್ತೆ ಬೇಡಲು ಬರುತ್ತಿದ್ದ ಇಟಲಿಯವನೊಬ್ಬನನ್ನು ಒಮ್ಮೆ ಸಿಟ್ಟಿನಿಂದ ಹೊರಗಟ್ಟಿದರು. ಮರುಕ್ಷಣವೇ ಪಶ್ಚಾತ್ತಾಪಪಟ್ಟು ಟೋಪಿಯನ್ನು ಎತ್ತಿಕೊಂಡು ಅವನ ಹಿಂದೆ ಬೀದಿಯಲ್ಲಿ ಓಡಿದರು. ಇನ್ನೊಂದು ಸಲ, ಹೊಸ ವರ್ಷದ ದಿನ. ಬಡ ಕುಟುಂಬವೊಂದು ತನ್ನ ಹಳೆಯ ಕಾಲದ ಖಾನೆಗಳ ಪೆಟ್ಟಿಗೆಯನ್ನು ಅಡವಿಟ್ಟಿರುವ ಸಂಗತಿ ಅವರ ಮನಸ್ಸನ್ನು ಕೊರೆಯುತ್ತಿತ್ತು. ಬಿಡಿಸಿಕೊಡಬೇಕೆಂದರೆ ಮಡದಿ ಬೇಡವೆಂದು ಕಾರಣ ಹೇಳಿದರು, ಅವರೂ ಒಪ್ಪಿದರು. ಸಂಜೆ ಮನೆಗೆ ಬಂದಾಗ ಮಗಳ ಸುತ್ತ ಹರಡಿದ್ದ ಆಟದ ಸಾಮಾನುಗಳನ್ನೂ ಸಿಹಿತಿಂಡಿಯನ್ನೂ ಕಂಡು ಕೈಚಾಚಲಾರದೆ ಹೋದರು. ಈ ಹಣದ ಒಂದು ಪಾಲಿನಿಂದ ಆ ಮನೆಯವರಿಗೆ ಅವರ ವಸ್ತುವನ್ನು ಮರಳಿಸಬಹುದಾಗಿತ್ತೆಂದು ಮಡದಿಗೆ ಹೇಳಿದರು. ಈ ಬಾರಿ ಆಕೆಯೇ ಹೋಗಿಬನ್ನಿ ಎಂದರು. ಅಂದೇ ಪೆಟ್ಟಿಗೆ ಬಿಡಿಸಿ ತಲಪಿಸಿದ ಮೇಲೆ ಅವರ ಮುಖ ಅರಳಿತು.

1848ರಲ್ಲಿ ಫ್ರಾನ್ಸ್ ಮತ್ತೆ ಹೊತ್ತಿ ಉರಿಯಿತು. ಫೆಬ್ರವರಿಯಲ್ಲಿ ಅರಸು ಪದಚ್ಯುತನಾದ. ಕಥೋಲಿಕರಲ್ಲಿ ಹಲವರು ಭಯಗೊಂಡು ಶ್ರೀಮಂತರ ಪಕ್ಷಕ್ಕೆ ಒರಗುತ್ತಿದ್ದಾಗ, ಓಜಾನಮರು ಜನಸಾಮಾನ್ಯರ ಪಕ್ಷಕ್ಕೆ ದಾಟಬೇಕೆಂದು ಬರೆದು ತಮ್ಮವರಿಂದಲೇ ನಿಂದೆಗೆ ಗುರಿಯಾದರು. ಲಕೋರ್ದೇರ್ ಗುರುಗಳೊಡನೆ ಕೂಡಿ ಹೊಸ ಯುಗವೆಂಬ ಅರ್ಥದ ಹೆಸರಿನ ಪತ್ರಿಕೆಯನ್ನು ನಡೆಸಿದರು. ಅದು ಒಂದು ವರ್ಷದ ಬಳಿಕ ನಿಂತಿತು. ಲಿಯೋನಿನಿಂದ ಚುನಾವಣೆಗೆ ನಿಂತು ಸೋತರು. ಜೂನ್ ತಿಂಗಳಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡುತ್ತಿದ್ದ ಸರಕಾರಿ ಕಾರ್ಯಾಗಾರಗಳನ್ನು ಮುಚ್ಚಿದಾಗ ಪ್ಯಾರಿಸಿನ ಕೂಲಿಗಾರರು ಬೀದಿಗಳಿಗೆ ಅಡ್ಡಗೋಡೆ ಕಟ್ಟಿ ಕಾದಾಟಕ್ಕೆ ನಿಂತರು. ಗುಂಡು ಹಾರುವ ನಗರದಲ್ಲಿ ಓಜಾನಮರು ಇಬ್ಬರು ಮಿತ್ರರೊಡನೆ ಮಹಾಧರ್ಮಾಧ್ಯಕ್ಷ ದೆನಿ ಅಫ್ರ್ ಅವರನ್ನು ಕಂಡು, ತಾವೇ ಹೋಗಿ ಸಂಧಾನಮಾಡಬೇಕೆಂದು ಬೇಡಿಕೊಂಡರು. ಆ ಸಾಧುಪುರುಷರು ಆಗಲೇ ಅದೇ ಯೋಚನೆಯಲ್ಲಿದ್ದರು. ಜೂನ್ 25ರಂದು ಅಡ್ಡಗೋಡೆಯ ಬಳಿಗೆ ನಡೆದುಹೋದರು. ಅಲ್ಲಿ ಗುಂಡು ತಗುಲಿ, ಎರಡು ದಿನಗಳಲ್ಲಿ ಪ್ರಾಣಬಿಟ್ಟರು. ತಮ್ಮ ಸಲಹೆಯೇ ಅವರನ್ನು ಮರಣಕ್ಕೆ ದೂಡಿತೇ ಎಂಬ ನೋವು ಓಜಾನಮರನ್ನು ಹೇಗೆ ಕಾಡಿರಬೇಕೆಂದು ನಾವು ಊಹಿಸಬಲ್ಲೆವು. ಮರುವರ್ಷ ಕಾಲರಾ ಮರುಕಳಿಸಿದಾಗ ಸಭೆಯ ಸದಸ್ಯರು ರೋಗಿಗಳ ಮಗ್ಗುಲಲ್ಲಿದ್ದರು.

ದುಡಿಮೆ ದೇಹವನ್ನು ತಿಂದಿತ್ತು. 1852ರಲ್ಲಿ ಕಾಯಿಲೆ ಉಲ್ಬಣಿಸಿ ಹಾಸಿಗೆ ಹಿಡಿದಿದ್ದಾಗ, ಪಾಠ ನಡೆಯುತ್ತಿಲ್ಲವೆಂದು ವಿದ್ಯಾರ್ಥಿಗಳು ಗೊಣಗುತ್ತಿರುವುದು ಕಿವಿಗೆ ಬಿತ್ತು. ವೈದ್ಯರ ಮಾತನ್ನೂ ಕೇಳದೆ ಎದ್ದುಹೋಗಿ ಪಾಠ ಮಾಡಿದರು. ಅದೇ ಕೊನೆಯ ಪಾಠ. ಹವೆಯ ಬದಲಾವಣೆಗೆಂದು ಮಡದಿ ಮಗಳೊಡನೆ ದಕ್ಷಿಣಕ್ಕೆ, ಬಳಿಕ ಇಟಲಿಯ ಪೀಸಾ ನಗರಕ್ಕೆ ಹೋದರು. ಅಲ್ಲಿಯೂ ಸುಮ್ಮನಿರಲಿಲ್ಲ. ಆ ಪ್ರಾಂತದ ಸರಕಾರ ಸಭೆಯನ್ನು ಸಂಶಯದಿಂದ ನೋಡುತ್ತಿತ್ತು. ರೋಗಿಯಾದ ಓಜಾನಮರೇ ರಾಜಮಾತೆಯನ್ನು ಕಂಡು ವಿವರಿಸಿ, ಕಾನ್ಫರೆನ್ಸುಗಳಿಗೆ ಅನುಮತಿ ದೊರಕುವಂತೆ ಮಾಡಿದರು.

1853ರ ಏಪ್ರಿಲ್ 23ರಂದು ನಲವತ್ತು ತುಂಬಿತು. ಅಂದು ಪೀಸಾದಲ್ಲಿ ಅವರು ಬರೆದಿಟ್ಟ ಪ್ರಾರ್ಥನೆಯೊಂದು ಉಳಿದುಬಂದಿದೆ. ಅದರಲ್ಲಿ ಸಂತನ ನಿರ್ಲಿಪ್ತತೆ ಇಲ್ಲ; ಪ್ರಾಯದ ಹೆಂಡತಿ, ಮುದ್ದಿನ ಮಗಳು, ಅರ್ಧಕ್ಕೆ ನಿಂತ ಗ್ರಂಥ ಇವೆಲ್ಲವನ್ನೂ ಬಿಟ್ಟು ಹೋಗಬೇಕೇ ಎಂದು ದೇವರೊಡನೆ ಚೌಕಾಶಿ ಮಾಡುವ ಮನುಷ್ಯನಿದ್ದಾನೆ. ಪುಸ್ತಕಗಳನ್ನು ಮಾರಿ ಬಡವರಿಗೆ ಕೊಡುತ್ತೇನೆ, ಉಳಿದ ಆಯುಸ್ಸನ್ನು ಅವರ ಸೇವೆಗೇ ಕೊಡುತ್ತೇನೆ, ಸಾಲದೇ ಎಂದು ಕೇಳುತ್ತಾರೆ. ಕೊನೆಗೆ, ದೇವರು ಬಯಸುವುದು ತನ್ನ ವಸ್ತುಗಳನ್ನಲ್ಲ, ತನ್ನನ್ನೇ ಎಂದು ಅರಿತು, ಬರುತ್ತೇನೆಂದು ಒಪ್ಪಿಕೊಳ್ಳುತ್ತಾರೆ.

ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬಕ್ಕೆ, ಕಡಲತೀರದ ಆಂತಿಞಾನೋ ಗ್ರಾಮದ ದೇವಾಲಯಕ್ಕೆ ಮಡದಿಯ ತೋಳನ್ನು ಹಿಡಿದು ನಡೆದುಹೋದರು. ಅಲ್ಲಿನ ವೃದ್ಧ ಗುರುಗಳೂ ಸಾವಿನಂಚಿನಲ್ಲಿದ್ದವರು; ಓಜಾನಮರು ಬಂದಿದ್ದಾರೆಂದು ಕೇಳಿ ಹಾಸಿಗೆಯಿಂದೆದ್ದು ಬಂದು ತಾವೇ ಪರಮಪ್ರಸಾದ ನೀಡಿದರು. ಆಗಸ್ಟ್ 23ರಂದು ಅಮೇಲಿಗೆ ಕೊಡಲು ಹೂಗುಚ್ಛ ಸಿಗದೆ ಒಂದು ಮಿರ್ಟಲ್ ಗಿಡದ ರೆಂಬೆಯನ್ನೇ ತರಿಸಿಕೊಟ್ಟರು. ಸ್ವದೇಶದಲ್ಲಿ ಸಾಯಬೇಕೆಂಬ ಆಸೆಯಿಂದ ಹಡಗು ಹತ್ತಿ ಮಾರ್ಸೇ ಬಂದರಿಗೆ ಬಂದಿಳಿದರು. ಕಡೆಯ ಸಂಸ್ಕಾರಗಳನ್ನು ನೀಡಿದ ಗುರುಗಳು ದೇವರಲ್ಲಿ ಭರವಸೆಯಿಡಲು ಹೇಳಿದಾಗ, ಇಷ್ಟೊಂದು ಪ್ರೀತಿಸುವ ಆತನಿಗೆ ತಾನೇಕೆ ಹೆದರಬೇಕೆಂದು ಕೇಳಿದರು. ಸೆಪ್ಟೆಂಬರ್ 8ರ ಸಂಜೆ ಪ್ರಾಣ ಹೋಯಿತು. ದೇಹವನ್ನು ಪ್ಯಾರಿಸಿಗೆ ತಂದು, ಕಾರ್ಮೆಲ್ ಮಠದ ಸಂತ ಜೋಸೆಫರ ದೇವಾಲಯದ ನೆಲಮಾಳಿಗೆಯಲ್ಲಿ ಸಮಾಧಿ ಮಾಡಲಾಯಿತು. ಸಮಾಧಿ ಇಂದಿಗೂ ಅಲ್ಲಿಯೇ ಇದೆ.

ತಾನೊಬ್ಬನೇ ಸ್ಥಾಪಕನೆಂದು ಕರೆಸಿಕೊಳ್ಳಲು ಓಜಾನಮರು ಎಂದೂ ಒಪ್ಪಿರಲಿಲ್ಲ. ಅವರು ಸಭೆಯ ಮಹಾಧ್ಯಕ್ಷರೂ ಆಗಲಿಲ್ಲ. ಬೈಲಿಯವರ ಸಾರಥ್ಯ, ಸಹೋದರಿ ರೋಸಲಿಯ ಪಾಠ, ಐವರು ಗೆಳೆಯರ ದುಡಿಮೆ ಇಲ್ಲದಿದ್ದರೆ ಸಭೆ ನಿಲ್ಲುತ್ತಿರಲಿಲ್ಲ. ಆದುದರಿಂದಲೇ ಅವರೆಲ್ಲರ ಹೆಸರನ್ನೂ ಇಲ್ಲಿ ಕಾಣಿಸಿದ್ದೇವೆ. 1863ರಲ್ಲಿ ಸಭೆಯು ಮುಂಬಯಿಯ ಮೂಲಕ ಭಾರತಕ್ಕೆ ಬಂದಿತು. ಮೊದಲಿನಿಂದ ಪುರುಷರಷ್ಟೇ ಇದ್ದ ಸಭೆಯೊಡನೆ, 1856ರಲ್ಲಿ ಇಟಲಿಯ ಬೊಲೋಞಾದಲ್ಲಿ ಹುಟ್ಟಿದ್ದ ಮಹಿಳೆಯರ ಸಭೆ ಒಂದುಗೂಡಿದ್ದು 1967ರಲ್ಲಿ. ಈಗ ಸುಮಾರು 150 ದೇಶಗಳಲ್ಲಿ ಕಾನ್ಫರೆನ್ಸುಗಳಿವೆ.

1926ರಲ್ಲಿ ಬ್ರೆಜಿಲ್ ದೇಶದ ಮಗುವೊಂದು ಗಂಟಲಮಾರಿಯಿಂದ ಗುಣಹೊಂದಿದ್ದನ್ನು ಅವರ ಬಿನ್ನಹದ ಫಲವೆಂದು ಧರ್ಮಸಭೆ ಪರಿಶೀಲಿಸಿ ಒಪ್ಪಿತು. 1997ರ ಆಗಸ್ಟ್ 22ರಂದು ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ಓಜಾನಮರನ್ನು ಪುನೀತರೆಂದು ಘೋಷಿಸಿದರು. ಅಂದು ವಿಶ್ವ ಯುವಜನ ದಿನಾಚರಣೆಗಾಗಿ ಲೋಕದ ನಾನಾ ಕಡೆಗಳಿಂದ ಬಂದ ವಿದ್ಯಾರ್ಥಿಗಳೂ ತರುಣತರುಣಿಯರೂ ಆ ನಗರದಲ್ಲಿ ತುಂಬಿದ್ದರು. ಓಜಾನಮರು ತೀರಿಕೊಂಡ ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವದ ದಿನ. ನಮ್ಮ ನಾಡಿನ ಧರ್ಮಕೇಂದ್ರಗಳಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಒಯ್ಯುವ ದಿನ. ಆದಕಾರಣ ಅವರ ಸ್ಮರಣೆಯನ್ನು ಅದರ ಮರುದಿನ, ಸೆಪ್ಟೆಂಬರ್ 9ರಂದು, ಆಚರಿಸಲಾಗುತ್ತದೆ.